ಲೈಟ್ ಇಳಿದಾಗ ವೇಗವೂ ಇಳಿಯಲಿ: ರಾತ್ರಿ ಹೈ ಬೀಮ್ ಬಳಸುವ ಬಗೆ

ಲೋ ಬೀಮ್ ಕಾರಿನ ಮುಂದೆ ರಸ್ತೆಯನ್ನು ಬೆಳಗುವುದು ಸುಮಾರು 50–60 ಮೀಟರ್‌ವರೆಗೆ. ಹೈ ಬೀಮ್ 100 ಮೀಟರ್ ದಾಟುತ್ತದೆ, ಲ್ಯಾಂಪ್ ಚೆನ್ನಾಗಿದ್ದರೆ 150 ಮೀಟರ್‌ಗೂ ಮೀರುತ್ತದೆ. ಈಗ ಈ ಅಂಕಿಗಳ ಪಕ್ಕದಲ್ಲಿ ಕಾರು ನಿಲ್ಲಲು ಬೇಕಾದ ದೂರವನ್ನಿಟ್ಟು ನೋಡಿ. ಅಡ್ಡ ಬಂದದ್ದನ್ನು ಕಣ್ಣು ಕಂಡು, ಕಾಲು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಹೋಯಿತು ಎಂದುಕೊಳ್ಳೋಣ. ಒಣಗಿದ ಡಾಂಬರು ರಸ್ತೆ, ಒಳ್ಳೆಯ ಟಯರು, ಸರಿಯಿರುವ ಬ್ರೇಕು ಎಂದಾದರೆ ಲೆಕ್ಕ ಹೀಗೆ ಬರುತ್ತದೆ:

ಗಂಟೆಗೆ 60 ಕಿ.ಮೀ. — ಸುಮಾರು 45 ಮೀಟರ್
80 ಕಿ.ಮೀ. — ಸುಮಾರು 69 ಮೀಟರ್
100 ಕಿ.ಮೀ. — ಸುಮಾರು 97 ಮೀಟರ್
120 ಕಿ.ಮೀ. — ಸುಮಾರು 129 ಮೀಟರ್

ರಸ್ತೆ ಒದ್ದೆಯಾಗಿದ್ದರೆ 80ರ ವೇಗಕ್ಕೇ ಹತ್ತಿರ ಹತ್ತಿರ 95 ಮೀಟರ್ ಬೇಕು. ಅಂದರೆ ಲೋ ಬೀಮ್‌ನಲ್ಲಿ 80ರಲ್ಲಿ ಹೋಗುತ್ತಿರುವ ಕಾರು ತನಗೆ ಕಾಣುವಷ್ಟು ದೂರದೊಳಗೆ ನಿಲ್ಲಲಾರದು. ಎದುರಿನವರಿಗೆ ತೊಂದರೆ ಆಗದಿರಲಿ ಎಂದು ಹೈ ಬೀಮ್ ಮುಟ್ಟದೆಯೇ ಕಗ್ಗತ್ತಲ ಖಾಲಿ ರಸ್ತೆಯಲ್ಲಿ ನೂರರಲ್ಲಿ ಓಡಿಸುವವರಿದ್ದಾರೆ. ಮನಸ್ಸು ಒಳ್ಳೆಯದೇ, ಆದರೆ ಅವರು ಅರ್ಧ ದಾರಿಯನ್ನು ಕಾಣದೆಯೇ ಓಡಿಸುತ್ತಿರುತ್ತಾರೆ. ಬೀದಿದೀಪವಿಲ್ಲದ, ಮುಂದೆ ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ ಹೈ ಬೀಮ್ ಹಾಕಿರಬೇಕಾದದ್ದೇ ಸರಿ. ಯಾರಾದರೂ ಬಂದಾಗ ಲೋ ಬೀಮ್‌ಗೆ ಇಳಿಸಬೇಕು. ಇಳಿಸಿದ ಕ್ಷಣದಲ್ಲಿ ಕಾಲೂ ಆಕ್ಸಿಲರೇಟರ್‌ನಿಂದ ಮೇಲೇಳಬೇಕು. ಹೆಚ್ಚಿನವರು ಮರೆಯುವುದು ಈ ಎರಡನೆಯದನ್ನು.

ಹೊರಡುವ ಮೊದಲು

ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರ್ ಲಿವರ್‌ನಲ್ಲೇ ಹೈ ಬೀಮ್ ಕೂಡ ಇರುತ್ತದೆ. ಮುಂದಕ್ಕೆ, ಅಂದರೆ ನಿಮ್ಮಿಂದ ದೂರಕ್ಕೆ ತಳ್ಳಿದರೆ ಹೈ ಬೀಮ್ ಹತ್ತಿ ನಿಲ್ಲುತ್ತದೆ. ನಿಮ್ಮ ಕಡೆಗೆ ಎಳೆದು ಬಿಟ್ಟರೆ ಒಮ್ಮೆ ಮಿಂಚಿ ಆರುತ್ತದೆ. ಕೆಲವು ಕಾರುಗಳಲ್ಲಿ ಎಳೆದಾಗಲೆಲ್ಲ ಹೈ–ಲೋ ಬದಲಾಗುತ್ತದೆ. ಬಾಡಿಗೆ ಕಾರು, ಗೆಳೆಯರ ಕಾರು ತೆಗೆದುಕೊಂಡಾಗ ಕತ್ತಲಾಗುವ ಮುಂಚೆಯೇ ಇದನ್ನು ಒಂದೆರಡು ಸಲ ಆಡಿಸಿ ಕೈಗೆ ಒಗ್ಗಿಸಿಕೊಳ್ಳಿ. ಡ್ಯಾಶ್‌ಬೋರ್ಡ್‌ನಲ್ಲಿ ನೀಲಿ ದೀಪ ಉರಿದರೆ ಹೈ ಬೀಮ್ ಹತ್ತಿದೆ ಎಂದರ್ಥ. ಬೀದಿದೀಪದ ಬೆಳಕಿನಲ್ಲಿ ಹೈ ಬೀಮ್ ಹತ್ತಿರುವುದೇ ಗೊತ್ತಾಗದಿದ್ದಾಗ ನೆಚ್ಚಬೇಕಾದದ್ದು ಅದನ್ನೇ.

ಇನ್ನೂ ನಾಲ್ಕು ಕೆಲಸ ಇವೆ, ಐದು ನಿಮಿಷ ಸಾಕು:

1. ಗೋಡೆಯೆದುರು ಕಾರು ನಿಲ್ಲಿಸಿ ಲೋ, ಹೈ ಎರಡನ್ನೂ ಹಾಕಿ ನೋಡಿ. ಒಂದು ಬದಿ ಸತ್ತಿದ್ದರೆ ಎದುರಿನವರಿಗೆ ನಿಮ್ಮ ಕಾರು ಬೈಕಿನಂತೆ ಕಾಣುತ್ತದೆ, ಕಾರಿನ ಅಗಲ ತಿಳಿಯುವುದಿಲ್ಲ.

2. ಹೆಡ್‌ಲೈಟ್ ಗಾಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಧೂಳು ಬೆಳಕನ್ನು ಕುಗ್ಗಿಸುವುದಷ್ಟೇ ಅಲ್ಲ, ಚದುರಿಸಿ ಎದುರಿನವರ ಕಣ್ಣಿಗೂ ಎರಚುತ್ತದೆ.

3. ಮುಂದಿನ ಗಾಜನ್ನು ಒಳಗಡೆಯಿಂದ ಒರೆಸಿ. ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ ಏಳುವ ಆವಿ ಗಾಜಿನ ಒಳಮೈಗೆ ಎಣ್ಣೆಯಂಥ ತೆಳು ಪದರವಾಗಿ ಕೂರುತ್ತದೆ. ಹಗಲಿನಲ್ಲಿ ಅದು ಕಾಣುವುದೇ ಇಲ್ಲ. ರಾತ್ರಿ ಎದುರಿನ ಒಂದೊಂದು ಲೈಟೂ ಊದಿಕೊಂಡಂತೆ ಕಾಣಲು ಅರ್ಧ ಕಾರಣ ಇದೇ.

4. ಒಳಗಿನ ಕನ್ನಡಿಯ ಅಡಿಯ ಪುಟ್ಟ ಲಿವರ್ ಅನ್ನು ರಾತ್ರಿಯ ಸ್ಥಾನಕ್ಕೆ ತಿರುಗಿಸಿ. ಆಗ ಬೆಳಕು ಹಿಂಬದಿಯ ಬೆಳ್ಳಿಲೇಪದ ಬದಲು ಮುಂಬದಿಯ ಬರೀ ಗಾಜಿನಿಂದ ಪ್ರತಿಫಲಿಸಿ ಕಣ್ಣಿಗೆ ಬರುತ್ತದೆ, ಬಂದ ಬೆಳಕಿನ ಶೇ 4ರಷ್ಟು ಮಾತ್ರ. ಡ್ಯಾಶ್‌ಬೋರ್ಡ್‌ನ ಬೆಳಕನ್ನೂ ದೊಡ್ಡ ಪರದೆಯ ಬೆಳಕನ್ನೂ ತಗ್ಗಿಸಿ, ಕ್ಯಾಬಿನ್ ಲೈಟ್ ಆರಿಸಿ.

ಯಾವಾಗ ಇಳಿಸಬೇಕು

ಎದುರಿನ ಗಾಡಿ 150 ಮೀಟರ್ ಹತ್ತಿರ ಬರುವುದರೊಳಗೆ ಡಿಮ್ ಮಾಡಬೇಕು ಎಂಬ ಅಳತೆ ಬಹಳ ಕಡೆ ಬಳಕೆಯಲ್ಲಿದೆ. ಅಮೆರಿಕದ ಹಲವು ರಾಜ್ಯಗಳ ಕಾನೂನಿನಲ್ಲಿರುವ 500 ಅಡಿ ಇದೇ. ಆದರೆ ಅದು ಕೊನೆಯ ಗಡಿ, ಗುರಿ ಅಲ್ಲ. ಇಬ್ಬರೂ 80ರಲ್ಲಿ ಬರುತ್ತಿದ್ದರೆ ನಡುವಿನ ಅಂತರ ಸೆಕೆಂಡಿಗೆ 44 ಮೀಟರ್‌ನಂತೆ ಕರಗುತ್ತದೆ. 150 ಮೀಟರ್ ಎಂದರೆ ಮೂರೂವರೆ ಸೆಕೆಂಡೂ ಇಲ್ಲ. 300–400 ಮೀಟರ್ ಇರುವಾಗಲೇ ಇಳಿಸುವುದು ಒಳ್ಳೆಯದು, ಆಗ ಎದುರಿನವರ ಕಣ್ಣಿಗೂ ಸುಧಾರಿಸಿಕೊಳ್ಳಲು ಸಮಯ ಸಿಗುತ್ತದೆ. ಹಾಗೆಂದು ನೇರ ರಸ್ತೆಯಲ್ಲಿ ಎರಡು ಕಿಲೋಮೀಟರ್ ಆಚೆ ಚುಕ್ಕಿಯಂತೆ ಕಂಡ ಬೆಳಕಿಗೇ ಇಳಿಸಿ ಕೂರುವುದೂ ಬೇಡ. ಅಲ್ಲಿಯವರೆಗೂ ನೀವು ಕುರುಡಾಗಿ ಓಡಿಸಿದಂತೆ.

ಇಳಿಸುವ ಮುಂಚೆ ಒಂದು ಕೆಲಸ ಮಾಡಿ. ಹೈ ಬೀಮ್ ಇರುವಾಗಲೇ ಮುಂದಿನ ನೂರು ಮೀಟರ್ ಅನ್ನು ಒಮ್ಮೆ ಕಣ್ಣಾಡಿಸಿ ಮನಸ್ಸಿನಲ್ಲಿ ಹಿಡಿದುಕೊಳ್ಳಿ: ಅಂಚಿನಲ್ಲಿ ನಡೆಯುತ್ತಿರುವವರು, ನಿಂತ ಗಾಡಿ, ಗುಂಡಿ. ಎರಡು ಗಾಡಿಗಳು ಎದುರುಬದುರಾಗುವಾಗ ನಡುವೆ ಒಂದು ಕತ್ತಲ ಜಾಗ ಹುಟ್ಟುತ್ತದೆ. ಅಲ್ಲಿ ರಸ್ತೆ ದಾಟುತ್ತಿರುವ ಮನುಷ್ಯ ಎರಡು ಕಡೆಯ ಪ್ರಖರ ಬೆಳಕಿನ ಮಧ್ಯೆ ಪೂರ್ತಿ ಮಾಯವಾಗಿಬಿಡಬಹುದು. ಎರಡೂ ಗಾಡಿಗಳ ಲೈಟ್ ಅವನ ಮೇಲೆ ಬೀಳುತ್ತಿರುವುದರಿಂದ ತಾನು ಚೆನ್ನಾಗಿ ಕಾಣುತ್ತಿದ್ದೇನೆ ಎಂದೇ ಅವನು ತಿಳಿದಿರುತ್ತಾನೆ. ಒಂದು ಸೆಕೆಂಡಿನ ಆ ನೋಟ ಮುಂದಿನ ಮೂರು ಸೆಕೆಂಡಿಗೆ ಆಸರೆ. ಎರಡು ಕಾರುಗಳ ಮೂತಿ ಸರಿಸಮ ಬಂದ ಕೂಡಲೇ ಮತ್ತೆ ಹೈ ಬೀಮ್ ಹಾಕಬಹುದು, ಆಗ ನಿಮ್ಮ ಬೆಳಕು ಅವರ ಕಣ್ಣಿಗೆ ತಾಗುವುದಿಲ್ಲ. ಅವರ ಹಿಂದೆ ಇನ್ನೊಂದು ಗಾಡಿ ಇದೆಯೇ ಎಂದು ನೋಡಿಕೊಂಡೇ ಹಾಕಿ.

ಮುಂದಿನ ಗಾಡಿಯ ಹಿಂದೆ ಹೋಗುವಾಗ 100 ಮೀಟರ್ ಒಳಗೆ ಬಂದರೆ ಲೋ ಬೀಮ್. ಅವರಿಗೆ ಮೂರು ಕನ್ನಡಿಗಳಿಂದಲೂ ಏಟು ಬೀಳುತ್ತದೆ, ಅದೂ ಎದುರಿನ ಗಾಡಿಯಂತೆ ಮೂರು ಸೆಕೆಂಡಲ್ಲ, ನೀವು ಹಿಂದೆ ಇರುವಷ್ಟು ಹೊತ್ತೂ. ಓವರ್‌ಟೇಕ್ ಮಾಡುವಾಗ ಅವರ ಪಕ್ಕಕ್ಕೆ ಸರಿಸಮ ಬರುವವರೆಗೂ ಲೋ, ಅವರ ಕನ್ನಡಿ ದಾಟಿದ ಮೇಲೆ ಹೈ. ನಿಮ್ಮನ್ನೇ ಯಾರಾದರೂ ದಾಟುತ್ತಿದ್ದರೆ, ಅವರು ನಿಮ್ಮನ್ನು ಹಾದು ಮುಂದೆ ಬಂದ ಕ್ಷಣ ನೀವು ಇಳಿಸಿ. ಅಷ್ಟರವರೆಗೆ ನಿಮ್ಮ ಹೈ ಬೀಮ್ ಅವರಿಗೂ ದಾರಿ ತೋರಿಸುತ್ತಿರುತ್ತದೆ.

ತಿರುವಿನಲ್ಲಿ ಬೆಳಕು ಸ್ಟೀರಿಂಗ್ ಮಾತು ಕೇಳುವುದಿಲ್ಲ. ಕಾರಿನ ಮೂತಿ ತೋರಿದ ಕಡೆಗೇ ನೇರ ಹೋಗುತ್ತದೆ. ಹಾಗಾಗಿ ನಿಮ್ಮ ಪಥದ ಕಡೆಗೇ ಬಾಗುವ ತಿರುವಿನಲ್ಲಿ, ಅಂದರೆ ಎಡಬದಿ ಓಡಿಸುವ ರಸ್ತೆಗಳಲ್ಲಿ ಎಡ ತಿರುವಿನಲ್ಲಿ, ಬಲಬದಿ ಓಡಿಸುವಲ್ಲಿ ಬಲ ತಿರುವಿನಲ್ಲಿ, ನಿಮ್ಮ ಬೆಳಕು ಎದುರು ಪಥಕ್ಕೆ ಅಡ್ಡಲಾಗಿ ಗುಡಿಸಿಕೊಂಡು ಹೋಗುತ್ತದೆ. ಅಲ್ಲಿ ಎದುರಿನ ಗಾಡಿ ಕಾಣುವ ಮೊದಲೇ, ಮರಗಳ ಮೇಲೋ ಗುಡ್ಡದ ಮೇಲೋ ಅದರ ಬೆಳಕು ಆಡುವುದು ಕಂಡಾಗಲೇ ಇಳಿಸಬೇಕು. ಏರಿನಲ್ಲೂ ಹೀಗೆಯೇ. ದಿಬ್ಬದ ಆಚೆಯಿಂದ ಬರುವ ಗಾಡಿಗಿಂತ ಮೊದಲು ಅದರ ಬೆಳಕಿನ ಮಬ್ಬು ಆಕಾಶಕ್ಕೆ ಏರುತ್ತದೆ. ಅದನ್ನು ಕಂಡು ಇಳಿಸಿದವರು ತುದಿಯಲ್ಲಿ ಯಾರ ಕಣ್ಣನ್ನೂ ಕುಕ್ಕುವುದಿಲ್ಲ.

ಬೀದಿದೀಪ ಇರುವ ಕಡೆ ಹೈ ಬೀಮ್ ಬೇಡ. ನಡುವೆ ಡಿವೈಡರ್ ಇದ್ದರೂ ಅದು ಬೆಳಕನ್ನು ತಡೆಯುವಷ್ಟು ಎತ್ತರ ಇಲ್ಲದಿದ್ದರೆ ಇಳಿಸಲೇಬೇಕು. ಎತ್ತರದಲ್ಲಿ ಕುಳಿತಿರುವ ಲಾರಿ ಚಾಲಕರಿಗೆ ಡಿವೈಡರ್‌ನ ಗಿಡಗಳ ಮೇಲಿನಿಂದಲೂ ನಿಮ್ಮ ಹೈ ಬೀಮ್ ತಾಗುತ್ತದೆ, ನಿಮಗೆ ಅವರ ಲೈಟ್ ಕಾಣದೆಯೇ ಇರಬಹುದು. ದೊಡ್ಡ ಪ್ರತಿಫಲಕ ಫಲಕಗಳೆದುರು ಕೂಡ ಒಂದು ಕ್ಷಣ ಇಳಿಸಿ ನೋಡಿ. ನಿಮ್ಮದೇ ಬೆಳಕು ನಿಮ್ಮ ಕಣ್ಣಿಗೆ ಮರಳುವುದು ತಪ್ಪಿ ಅಕ್ಷರ ಓದಲು ಸಿಗುತ್ತದೆ.

ಎದುರಿನವರು ಇಳಿಸದಿದ್ದರೆ

ಒಂದೇ ಒಂದು ಸಲ, ಅರ್ಧ ಸೆಕೆಂಡ್ ಮಿಂಚಿಸಿ. ಮರೆತವರಾದರೆ ಇಳಿಸುತ್ತಾರೆ. ಇಳಿಸದಿದ್ದರೆ ಅಲ್ಲಿಗೆ ಬಿಡಿ. ಹಟಕ್ಕೆ ನೀವೂ ಹೈ ಬೀಮ್ ಹಾಕಿದರೆ ಒಬ್ಬ ಕುರುಡನ ಜಾಗದಲ್ಲಿ ಇಬ್ಬರು ಕುರುಡರು ಎದುರುಬದುರು ಬಂದಂತಾಗುತ್ತದೆ. ಎಷ್ಟೋ ಸಲ ಅವರದ್ದು ಲೋ ಬೀಮೇ ಆಗಿರುತ್ತದೆ. ಡಿಕ್ಕಿಯಲ್ಲಿ ಭಾರ ತುಂಬಿ ಮೂತಿ ಎದ್ದಿರುತ್ತದೆ, ಅಥವಾ ಲ್ಯಾಂಪ್ ಹೊಂದಿಸಿರುವುದಿಲ್ಲ.

ಆಮೇಲೆ ಹೀಗೆ ಮಾಡಿ: ಆಕ್ಸಿಲರೇಟರ್ ಬಿಡಿ, ಆದರೆ ಗಕ್ಕನೆ ಬ್ರೇಕ್ ಹಾಕಬೇಡಿ, ಹಿಂದಿನವರಿಗೂ ಕಣ್ಣು ಕೋರೈಸಿರುತ್ತದೆ. ಎದುರಿನ ಲೈಟನ್ನು ನೋಡದೆ ರಸ್ತೆಯ ನಿಮ್ಮ ಬದಿಯ ಅಂಚಿನ ಬಿಳಿ ಗೆರೆಯನ್ನು ನೋಡಿ, ಅದಕ್ಕೆ ಸಮನಾಗಿ ಕಾರನ್ನು ಸಾಗಿಸಿ. ಲೋ ಬೀಮ್ ನಿಮ್ಮ ಬದಿಯ ಅಂಚಿನ ಕಡೆಗೆ ತುಸು ಹೆಚ್ಚು ದೂರ ಚಾಚುವಂತೆಯೇ ಮಾಡಿರುತ್ತಾರೆ, ಅದನ್ನು ಬಳಸಿಕೊಳ್ಳಿ. ಗೆರೆಯೇ ಕಾಣದಷ್ಟಾದರೆ ಮೆಲ್ಲನೆ ನಿಧಾನಿಸಿ, ಹಜಾರ್ಡ್ ಲೈಟ್ ಹಾಕಿ ರಸ್ತೆಯಿಂದ ಕೆಳಗಿಳಿಸಿ ನಿಲ್ಲಿ.

ಕಣ್ಣು ಕೋರೈಸುವುದೆಂದರೆ ಬರೀ ಕಿರಿಕಿರಿಯಲ್ಲ. ಒಳಬಂದ ಪ್ರಖರ ಬೆಳಕು ಕಣ್ಣಿನ ಮಸೂರದಲ್ಲಿ ಚದುರಿ ಇಡೀ ನೋಟದ ಮೇಲೆ ತೆಳುವಾದ ಬಿಳಿ ಪರದೆ ಎಳೆಯುತ್ತದೆ. ಮಸುಕಾದ ವಸ್ತುಗಳು ಅದರಲ್ಲಿ ಮುಳುಗಿಹೋಗುತ್ತವೆ. ಲೈಟ್ ದಾಟಿದ ಮೇಲೂ ಸುಧಾರಿಸಲು ಹಲವು ಸೆಕೆಂಡ್ ಬೇಕು, ವಯಸ್ಸಾದವರಿಗೂ ಕಣ್ಣಿನ ಪೊರೆ ಇರುವವರಿಗೂ ಇನ್ನೂ ಹೆಚ್ಚು. 80ರಲ್ಲಿ ಮೂರು ಸೆಕೆಂಡ್ ಎಂದರೆ 67 ಮೀಟರ್. ರಾತ್ರಿ ಡ್ರೈವಿಂಗ್‌ಗೆಂದು ಮಾರುವ ಹಳದಿ ಕನ್ನಡಕ ಇದಕ್ಕೆ ಮದ್ದಲ್ಲ. ಅದು ಎದುರಿನ ಬೆಳಕಿನ ಜೊತೆಗೆ ರಸ್ತೆಯಿಂದ ಬರುವ ಅಲ್ಪ ಬೆಳಕನ್ನೂ ಕಡಿಮೆ ಮಾಡುತ್ತದೆ.

ಇನ್ನೊಂದು ಮಾತು. ಎದುರಿನವರು ಲೈಟ್ ಮಿಂಚಿಸಿದರೆ ‘ನೀನು ಹೋಗು’ ಎಂದೋ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದೋ ಒಂದೊಂದು ಕಡೆ ಒಂದೊಂದು ಅರ್ಥ. ಗಾಡಿಯ ಚಲನೆ ನೋಡಿ ನಿರ್ಧರಿಸಿ, ಮಿಂಚನ್ನು ನಂಬಿ ನುಗ್ಗಬೇಡಿ.

ಮಂಜು, ಮಳೆ, ಪ್ರಾಣಿಗಳು

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮುಂದೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಕಣ್ಣಿನ ಮಟ್ಟದಲ್ಲಿರುವ ಕೋಟಿ ಹನಿಗಳು ಬೆಳಕನ್ನು ನಿಮ್ಮತ್ತಲೇ ವಾಪಸ್ ಎಸೆಯುವುದರಿಂದ ಹೀಗಾಗುತ್ತದೆ. ಲೋ ಬೀಮ್, ಜೊತೆಗೆ ಫಾಗ್ ಲ್ಯಾಂಪ್ ಹಾಕಿ. ಫಾಗ್ ಲ್ಯಾಂಪ್ ಬಂಪರ್‌ನ ಕೆಳಮಟ್ಟದಲ್ಲಿದ್ದು ಅಗಲಕ್ಕೆ ಹರಡುವುದರಿಂದ ಹತ್ತಿರದ ಅಂಚುಗಳು ಕಾಣುತ್ತವೆ. ದೂರ ಕಾಣದು, ಅದಕ್ಕೆ ತಕ್ಕ ವೇಗದಲ್ಲೇ ಹೋಗಬೇಕು. ಹಿಂದಿನ ಕೆಂಪು ಫಾಗ್ ಲ್ಯಾಂಪ್ 100 ಮೀಟರ್ ಕೂಡ ಕಾಣದಷ್ಟು ದಟ್ಟ ಮಂಜಿಗೆ ಮಾತ್ರ, ಮಂಜು ಸರಿದ ತಕ್ಷಣ ಆರಿಸಿ.

ಜೋರು ಮಳೆಯಲ್ಲೂ ಲೋ ಬೀಮೇ ಮೇಲು. ಒದ್ದೆ ರಸ್ತೆ ಕನ್ನಡಿಯಂತೆ ವರ್ತಿಸಿ ನಿಮ್ಮ ಬೆಳಕನ್ನು ನಿಮಗೆ ಮರಳಿಸದೆ ಮುಂದಕ್ಕೆ ಜಾರಿಸುತ್ತದೆ. ಹೀಗಾಗಿ ನಿಮಗೆ ರಸ್ತೆ ಕಪ್ಪಾಗಿ ಕಾಣುತ್ತದೆ, ಎದುರಿನವರಿಗೆ ನಿಮ್ಮ ಲೋ ಬೀಮ್ ಕೂಡ ಚುಚ್ಚುತ್ತದೆ. ಮೇಲಿನ ಲೆಕ್ಕದ 95 ಮೀಟರ್ ನೆನಪಿಗೆ ಬರಬೇಕಾದದ್ದು ಇಲ್ಲಿ.

ಕಾಡುದಾರಿಯಲ್ಲಿ ಹೈ ಬೀಮ್‌ನ ದೊಡ್ಡ ಉಪಕಾರವೆಂದರೆ ದೂರದಲ್ಲಿ ಹೊಳೆಯುವ ಜೋಡಿ ಕಣ್ಣುಗಳು. ಕಂಡ ಮೇಲೆ ಅದೇ ಹೈ ಬೀಮ್ ಕೆಲಸ ಕೆಡಿಸುತ್ತದೆ: ಬೆಳಕಿಗೆ ಬೆರಗಾದ ಜಿಂಕೆ ರಸ್ತೆ ಮಧ್ಯೆಯೇ ಕಲ್ಲಿನಂತೆ ನಿಲ್ಲುತ್ತದೆ. ವೇಗ ಇಳಿಸಿ, ಲೈಟ್ ಇಳಿಸಿ, ಅದು ಸರಿಯುವವರೆಗೆ ಕಾಯಿರಿ. ಒಂದು ದಾಟಿದರೆ ಹಿಂದೆ ಇನ್ನೂ ಇರಬಹುದು. ತಪ್ಪಿಸಲು ಸ್ಟೀರಿಂಗ್ ಗಕ್ಕನೆ ತಿರುಗಿಸಿದವರು ಮರಕ್ಕೋ ಎದುರಿನ ಗಾಡಿಗೋ ಬಡಿಯುತ್ತಾರೆ. ನೇರ ಸಾಲಿನಲ್ಲೇ ಬ್ರೇಕ್ ಹಾಕಿ.

ಆಟೋ ಹೈ ಬೀಮ್ ಇರುವ ಕಾರು

ಗಾಜಿನ ಹಿಂದಿನ ಕ್ಯಾಮೆರಾ ಎದುರಿನ ಹೆಡ್‌ಲೈಟನ್ನೂ ಮುಂದಿನ ಗಾಡಿಯ ಹಿಂದೀಪವನ್ನೂ ಗುರುತಿಸಿ ತಾನೇ ಇಳಿಸುತ್ತದೆ. ಇನ್ನೂ ಮುಂದುವರಿದ ಮ್ಯಾಟ್ರಿಕ್ಸ್ ಲ್ಯಾಂಪ್‌ಗಳು ಎದುರಿನ ಗಾಡಿ ಇರುವಷ್ಟು ಭಾಗವನ್ನು ಮಾತ್ರ ಕತ್ತಲಾಗಿಸಿ ಉಳಿದದ್ದನ್ನು ಹೈ ಬೀಮ್‌ನಲ್ಲೇ ಇಡುತ್ತವೆ. ಅಮೆರಿಕ ಇವುಗಳಿಗೆ ಒಪ್ಪಿಗೆ ಕೊಟ್ಟದ್ದು 2022ರಲ್ಲಿ. ಒಳ್ಳೆಯ ಸೌಕರ್ಯ. ಆದರೆ ಕ್ಯಾಮೆರಾ ಹುಡುಕುವುದು ಬೆಳಕನ್ನು, ಮನುಷ್ಯರನ್ನಲ್ಲ. ಲೈಟಿಲ್ಲದ ಸೈಕಲ್ಲು, ನಡೆದು ಬರುವವರು ಅದರ ಲೆಕ್ಕಕ್ಕೆ ಬಾರದೆ ಹೋಗಬಹುದು. ತಿರುವು, ದಿಬ್ಬಗಳಲ್ಲಿ ಅದು ಎದುರಿನ ಲೈಟ್ ನೇರ ಕಂಡ ಮೇಲಷ್ಟೇ ಎಚ್ಚರವಾಗುತ್ತದೆ. ಆಕಾಶದ ಮಬ್ಬನ್ನು ಓದುವ ಜಾಣತನ ಇನ್ನೂ ನಿಮ್ಮದೇ. ಗಾಜು ಕೊಳೆಯಾಗಿದ್ದರೆ, ಮಳೆ ಜೋರಾಗಿದ್ದರೆ ಅದು ತಡಮಾಡುತ್ತದೆ. ಅಂಕುಡೊಂಕು ದಾರಿ, ಮಂಜು, ಮಳೆ ಇದ್ದರೆ ಆಟೋ ಆಫ್ ಮಾಡಿ ಕೈಯಿಂದಲೇ ಮಾಡಿ.

ಗೋಡೆಯ ಮುಂದೆ ಲ್ಯಾಂಪ್ ಹೊಂದಿಸುವುದು

ಬಲ್ಬ್ ಎಷ್ಟು ಪ್ರಖರ ಎನ್ನುವುದಕ್ಕಿಂತ ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದು ದೊಡ್ಡ ವಿಷಯ. ಲೋ ಬೀಮ್‌ನ ಮೇಲ್ಗಡೆ ಸ್ಪಷ್ಟವಾದ ಕತ್ತರಿಸಿದ ಅಂಚು ಇರುತ್ತದೆ. ಅದು ಮುಂದೆ ಹೋದಂತೆ ಕೆಳಗಿಳಿಯಬೇಕು. ಎಷ್ಟು ಎಂಬುದನ್ನು ಅನೇಕ ಕಾರುಗಳಲ್ಲಿ ಹೆಡ್‌ಲೈಟ್ ಮೇಲೆ ಅಥವಾ ಬಾನೆಟ್ ಒಳಗಿನ ಚೀಟಿಯಲ್ಲಿ ಶೇಕಡಾದಲ್ಲಿ ಬರೆದಿರುತ್ತಾರೆ, ಸಾಮಾನ್ಯವಾಗಿ ಶೇ 1ರಿಂದ 1.3ರವರೆಗೆ. ಶೇ 1.2 ಎಂದರೆ 10 ಮೀಟರ್ ದೂರಕ್ಕೆ 12 ಸೆಂ.ಮೀ. ಇಳಿತ. ಲ್ಯಾಂಪ್ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದರೆ ಆ ಅಂಚು 54 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಲ್ಯಾಂಪ್ ಒಂದೇ ಒಂದು ಡಿಗ್ರಿ ಮೇಲೆದ್ದರೆ ಅದೇ ಅಂಚು 100 ಮೀಟರ್ ದೂರದಲ್ಲಿ ಸುಮಾರು 120 ಸೆಂ.ಮೀ. ಎತ್ತರಕ್ಕೇರುತ್ತದೆ. ಕಾರಿನಲ್ಲಿ ಕುಳಿತ ಚಾಲಕರ ಕಣ್ಣು ಇರುವುದೂ ಹತ್ತಿರ ಹತ್ತಿರ ಅಷ್ಟೇ ಎತ್ತರದಲ್ಲಿ.

1. ಟಯರ್‌ಗಳಿಗೆ ಸರಿಯಾದ ಗಾಳಿ ತುಂಬಿಸಿ, ಡಿಕ್ಕಿ ಖಾಲಿ ಮಾಡಿ. ಚಾಲಕರ ಸೀಟಿನಲ್ಲಿ ಒಬ್ಬರು ಕುಳಿತಿರಲಿ. ಲೆವೆಲಿಂಗ್ ಚಕ್ರವನ್ನು (ಒಳಗೆ ಕುಳಿತೇ ಹೆಡ್‌ಲೈಟ್ ಬೆಳಕನ್ನು ಮೇಲೆ ಕೆಳಗೆ ಮಾಡುವ ಪುಟ್ಟ ಚಕ್ರ) 0ಗೆ ಇಡಿ.
2. ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಮುಟ್ಟುವಷ್ಟು ಹತ್ತಿರ ತಂದು, ಒಂದೊಂದು ಲ್ಯಾಂಪ್‌ನ ನಡುಬಿಂದುವನ್ನೂ ಗೋಡೆಯ ಮೇಲೆ ಟೇಪ್‌ನಿಂದ ಗುರುತಿಸಿ.
3. ನೇರ ಹಿಂದಕ್ಕೆ ಬಂದು ಲ್ಯಾಂಪ್‌ನಿಂದ ಗೋಡೆಗೆ ಸರಿಯಾಗಿ 10 ಮೀಟರ್ ಅಳೆದು ನಿಲ್ಲಿಸಿ.
4. ಗುರುತಿನಿಂದ 12 ಸೆಂ.ಮೀ. (ನಿಮ್ಮ ಚೀಟಿಯ ಪ್ರಕಾರ ಎಷ್ಟೋ ಅಷ್ಟು) ಕೆಳಗೆ ಅಡ್ಡ ಟೇಪ್ ಅಂಟಿಸಿ.
5. ಲೋ ಬೀಮ್ ಹಾಕಿ, ಒಂದು ಲ್ಯಾಂಪ್‌ಗೆ ಬಟ್ಟೆ ಮುಚ್ಚಿ ಇನ್ನೊಂದನ್ನು ನೋಡಿ. ಕತ್ತರಿಸಿದ ಅಂಚಿನ ಮಟ್ಟಸ ಭಾಗ ಟೇಪ್ ಮೇಲೆ ಕೂರುವವರೆಗೆ ಲ್ಯಾಂಪ್ ಹಿಂದಿನ ಸ್ಕ್ರೂ ತಿರುಗಿಸಿ. ಅಂಚು ಮೇಲಕ್ಕೆ ಮುರಿಯುವ ಜಾಗ ನಡುಬಿಂದುವಿನ ನೇರಕ್ಕೆ ಬರಬೇಕು.

ಎಚ್4 ಬಲ್ಬ್‌ನ (ಹೈ, ಲೋ ಎರಡೂ ಒಂದರಲ್ಲೇ ಇರುವ ಹ್ಯಾಲೊಜನ್ ಬಲ್ಬ್) ಲ್ಯಾಂಪ್‌ಗಳಲ್ಲಿ ಎರಡೂ ಬೀಮ್‌ಗೆ ಒಂದೇ ರಿಫ್ಲೆಕ್ಟರ್. ಲೋ ಹೊಂದಿಸಿದರೆ ಹೈ ತಾನಾಗಿ ಹೊಂದಿಕೊಳ್ಳುತ್ತದೆ. ಹಿಂದೆ ಮೂವರು ಕುಳಿತು ಡಿಕ್ಕಿಯೂ ತುಂಬಿದ ದಿನ ಲೆವೆಲಿಂಗ್ ಚಕ್ರವನ್ನು ಕೈಪಿಡಿಯಲ್ಲಿ ಹೇಳಿದ ಅಂಕಿಗೆ ತಿರುಗಿಸಲು ಮರೆಯಬೇಡಿ. ಆ ಚಕ್ರ ಇರುವುದೇ ಗೊತ್ತಿಲ್ಲದ ಮಾಲೀಕರು ಬಹಳ.

ಬಲ್ಬ್ ಮತ್ತು ವೈರಿಂಗ್

1971ರಲ್ಲಿ ಬಂದ ಎಚ್4 ಬಲ್ಬ್‌ನಲ್ಲಿ ಉರಿಯುವ ಎರಡು ತಂತಿಗಳಿವೆ (ಫಿಲಮೆಂಟ್), 60 ವ್ಯಾಟ್ ಹೈಗೆ, 55 ವ್ಯಾಟ್ ಲೋಗೆ. ಲೋ ತಂತಿಯ ಕೆಳಗೊಂದು ಪುಟ್ಟ ಲೋಹದ ಬಟ್ಟಲು ಇದೆ; ಬೆಳಕು ಮೇಲಕ್ಕೆ ಹೋಗದಂತೆ ತಡೆಯುವುದು ಅದೇ. ಬಲ್ಬ್ ತನ್ನ ಮೂರು ಕಿವಿಗಳ ಮೇಲೆ ಸರಿಯಾಗಿ ಕೂರದೆ ತುಸು ವಾರೆಯಾದರೂ ಕತ್ತರಿಸಿದ ಅಂಚು ಕೆಟ್ಟುಹೋಗುತ್ತದೆ. ಹಾಕುವಾಗ ಗಾಜನ್ನು ಬೆರಳಿನಿಂದ ಮುಟ್ಟಬೇಡಿ: ಚರ್ಮದ ಎಣ್ಣೆ ತಾಗಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಸಾಯುತ್ತದೆ. ಹ್ಯಾಲೊಜನ್‌ಗೆಂದು ಮಾಡಿದ ಲ್ಯಾಂಪ್‌ಗೆ ಎಲ್‌ಇಡಿ ಬಲ್ಬ್ ತುರುಕುವುದರ ತೊಂದರೆಯೂ ಇಲ್ಲೇ. ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಬದಲಾದರೂ ರಿಫ್ಲೆಕ್ಟರ್ ಅದನ್ನು ಬೇರೆಲ್ಲಿಗೋ ಎಸೆಯುತ್ತದೆ. ಕಾರಿನ ಮುಂದಿನ ಹತ್ತು ಮೀಟರ್ ಬೆಳ್ಳಗೆ ಹೊಳೆಯುತ್ತದೆ, ಮಾಲೀಕರಿಗೆ ಖುಷಿ. ದೂರದ ರಸ್ತೆಗೆ ಬೆಳಕು ಸಾಲದು, ಎದುರಿನವರ ಕಣ್ಣಿಗೆ ಹೆಚ್ಚು.

ಹಳೆಯ ಕಾರಿನ ಹೈ ಬೀಮ್ ಮಂಕಾಗಿದ್ದರೆ ಹೊಸ ಬಲ್ಬ್ ಕೊಳ್ಳುವ ಮುನ್ನ ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿಟ್ಟುಕೊಂಡೇ, ಬ್ಯಾಟರಿಯಲ್ಲೂ ಬಲ್ಬ್‌ನ ಸಾಕೆಟ್‌ನಲ್ಲೂ ವೋಲ್ಟೇಜ್ ಅಳೆಯಿರಿ. ಹ್ಯಾಲೊಜನ್ ಬಲ್ಬ್‌ಗೆ ವೋಲ್ಟೇಜ್ ಶೇ 10 ಕಡಿಮೆಯಾದರೆ ಬೆಳಕು ಸುಮಾರು ಶೇ 30 ಕಡಿಮೆಯಾಗುತ್ತದೆ. ಎರಡು ಅಳತೆಗಳ ನಡುವೆ ಒಂದು ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೊದಲು ಅರ್ತ್ ಸಂಪರ್ಕದ ತುಕ್ಕು ಉಜ್ಜಿ, ಸಾಕೆಟ್ ಕರಕಲಾಗಿದೆಯೇ ನೋಡಿ. ಆದರೂ ಸರಿಹೋಗದಿದ್ದರೆ ಬ್ಯಾಟರಿಯಿಂದ ನೇರ ದಪ್ಪ ವೈರ್, ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಸಂಕೇತದಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್) ಹಾಕಿಸಿ. ಹೆಚ್ಚುವರಿ ಲ್ಯಾಂಪ್ ಕೂರಿಸುವವರು ಅದರ ರಿಲೇಗೆ ಸಂಕೇತವನ್ನು ಹೈ ಬೀಮ್ ವೈರ್‌ನಿಂದಲೇ ಕೊಡಿಸಬೇಕು, ಬೇರೆ ಸ್ವಿಚ್‌ನಿಂದಲ್ಲ. ಹಾಗಿದ್ದರೆ ಲಿವರ್ ಒಮ್ಮೆ ಎಳೆದಾಗ ಎಲ್ಲವೂ ಒಟ್ಟಿಗೇ ಆರುತ್ತವೆ.